ಸೋತ ತಂಡದ ಗುರು

ನಮ್ಮ ಪುಟ್ಟೇನಹಳ್ಳಿಯ ಕೆರೆಯನ್ನು ಸರ್ಕಾರವು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಯಲಹಂಕದ ಈ ಮಗ್ಗುಲಿನಲ್ಲಿ ಹಕ್ಕಿಗಳಿಗೆ ಒದಗಿದ ಆ ಭಾಗ್ಯ ಹುಡುಗರಿಗೆ ಒದಗಲಿಲ್ಲ. ಖಾಲಿ ನಿವೇಶನ ಕಂಡಲ್ಲಿ ಅವರು ಗೆರೆ ಎಳೆದು ಕಬಡ್ಡಿ ಆಡುತ್ತಾರೆ. ಅಲ್ಲಿ ಮನೆ ಎದ್ದಿತೆಂದರೆ ಸುಣ್ಣದ ಪುಡಿಯನ್ನು ಹೊತ್ತು ಮುಂದಿನ ನಿವೇಶನಕ್ಕೆ ನಡೆಯುತ್ತಾರೆ. ಸಂಜೆ ತಿರುಗಾಡಲು ಹೊರಟಾಗ ಅಲ್ಲಿ ಅರೆಗಳಿಗೆ ನಿಲ್ಲುವುದು ನನ್ನ ಅಭ್ಯಾಸ. ಆಡುವವರು ಹದಿನಾಲ್ವರಾದರೆ ಆಡಿಸುವವರು ಸುತ್ತ ನಿಂತ ನಲವತ್ತು ಮಂದಿ. ಹಾಲಿನ ಅಂಗಡಿಯವನು, ನಿವೃತ್ತ ಗುಮಾಸ್ತರು, ಸ್ಕೂಟರು ನಿಲ್ಲಿಸಿಕೊಂಡು ಹಿಂಬದಿಯ ಸವಾರಳನ್ನು ಮರೆತ ಗಂಡ, ಎಲ್ಲರೂ ಆ ಹೊತ್ತಿಗೆ ತರಬೇತುದಾರರೇ. ನಾನೂ ಅವರಲ್ಲೊಬ್ಬ.

ನಾನು ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ನಲವತ್ತು ದಾಟಿದ ಮೇಲೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಆದರೆ ನಮ್ಮ ಕಾಲೇಜಿನ ಕಬಡ್ಡಿ ತಂಡ ಎಲ್ಲಿಗೆ ಹೋದರೂ ಅದರ ಬೆನ್ನಿಗೆ ನಾನಿದ್ದೇನೆ. ಇಂಥ ಅಭಿಮಾನಿಯ ನ್ಯಾಯಶಾಸ್ತ್ರ ಬಹಳ ಸರಳವಾದುದು. ಗೆದ್ದರೆ ಹುಡುಗರು ಗೆದ್ದರು, ಸೋತರೆ ತರಬೇತುದಾರ ಸೋಲಿಸಿದ. ಅಧ್ಯಾಪಕರಾದ ನಾವು ನಮ್ಮ ವಿಷಯದಲ್ಲಿ ಇದನ್ನೇ ತಿರುವಿಹಾಕಿಕೊಂಡಿದ್ದೇವೆ. ವಿದ್ಯಾರ್ಥಿಗೆ ರ‍್ಯಾಂಕು ಬಂದರೆ ಅದು ನಮ್ಮ ಪಾಠದ ಫಲ. ನಪಾಸಾದರೆ ಅವನು ಓದಲಿಲ್ಲ. ಒಂದೇ ಆವರಣದೊಳಗೆ, ಗೋಡೆಯ ಈಚೆಗೆ ಒಂದು ಧರ್ಮ, ಆಚೆಗೆ ಇನ್ನೊಂದು ಧರ್ಮ! ಈ ವಿಚಿತ್ರವನ್ನು ನಾನು ಬಹುಕಾಲ ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಸಾಮಾನ್ಯ ಕಾಲೇಜುಗಳಲ್ಲಿ ತರಬೇತುದಾರ ಎಂದರೆ ಯಾರು? ದೈಹಿಕ ಶಿಕ್ಷಣ ನಿರ್ದೇಶಕರೆಂಬ ಒಬ್ಬರು ಇರುತ್ತಾರೆ. ಕಬಡ್ಡಿ, ಖೋ ಖೋ, ವಾಲಿಬಾಲು, ಓಟ, ಜಿಗಿತ, ಚದುರಂಗ ಎಲ್ಲಕ್ಕೂ ಅವರೊಬ್ಬರೇ. ಆಟಗಾರರ ಅರ್ಹತಾಪತ್ರ ತುಂಬುವುದು, ಪ್ರಯಾಣಭತ್ಯದ ಲೆಕ್ಕ ಒಪ್ಪಿಸುವುದು, ವಾರ್ಷಿಕೋತ್ಸವದ ದಿನ ಕುರ್ಚಿ ಎಣಿಸುವುದು, ಮೆರವಣಿಗೆಯಲ್ಲಿ ಶಿಸ್ತು ಕಾಯುವುದು ಕೂಡ ಅವರ ಪಾಲಿನದೇ. ಪಂದ್ಯಾವಳಿ ಹತ್ತಿರ ಬಂದಾಗ ಕೆಲವು ವಾರಗಳ ಮಟ್ಟಿಗೆ ಗೌರವಧನದ ಮೇಲೆ ಒಬ್ಬ ಪರಿಣತನನ್ನು ಕರೆತರುವುದುಂಟು. ಅವನು ಹುಡುಗರ ಹೆಸರು ಕಲಿಯುವಷ್ಟರಲ್ಲಿ ಪಂದ್ಯ ಬಂದಿರುತ್ತದೆ. ಆರು ತಿಂಗಳಿಗೊಂದು ಪರೀಕ್ಷೆ. ಪರೀಕ್ಷೆ ಮುಗಿಯಿತೆನ್ನುವಾಗ ಊರಿಗೆ ಹೋದ ಹುಡುಗ ಮರಳಿ ಬರುವುದು ಯಾವಾಗಲೋ. ಮೂರು ವರ್ಷಕ್ಕೆ ತಂಡವೇ ಹೊಸದಾಗುತ್ತದೆ. ಅಭ್ಯಾಸ ಮಣ್ಣಿನ ಅಂಕಣದಲ್ಲಿ, ಪಂದ್ಯ ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಜಾರಿ ನಿಲ್ಲಲು ಕಲಿತ ಪಾದ ಮ್ಯಾಟಿನ ಮೇಲೆ ಥಟ್ಟನೆ ಕಚ್ಚಿಕೊಳ್ಳುತ್ತದೆ, ತಿರುಗುವ ದೇಹದ ಭಾರವೆಲ್ಲ ಮೊಣಕಾಲಿಗೆ ಬರುತ್ತದೆ. ಇಷ್ಟನ್ನು ಅರಿತವರು ನಮ್ಮ ಪ್ರೇಕ್ಷಕವೃಂದದಲ್ಲಿ ಎಷ್ಟು ಮಂದಿ? ತರಬೇತುದಾರರನ್ನು ತಯಾರಿಸಲೆಂದೇ 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಹುಟ್ಟಿತು. ಅಲ್ಲಿ ಕಲಿತು ಬಂದವರು ನಮ್ಮಲ್ಲಿ ಇದ್ದಾರೆ. ಅವರನ್ನು ವರ್ಷವಿಡೀ ಇರಿಸಿಕೊಳ್ಳುವ ಸಾಮಾನ್ಯ ಕಾಲೇಜುಗಳು ಮಾತ್ರ ವಿರಳ.

ಹಾಗೆ ಇರಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳು ನಮ್ಮ ನಾಡಿನಲ್ಲೇ ಇವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಶಿಕ್ಷಣ, ತರಬೇತಿ ಎಲ್ಲವನ್ನೂ ಒದಗಿಸುತ್ತ ಬಂದಿದೆ. ಅದರ ಬಲದಿಂದ ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟಗಳಲ್ಲಿ ಮೇಲಿಂದ ಮೇಲೆ ಮೊದಲಿಗನಾಗಿದೆ. 2020ರ ಜನವರಿಯಲ್ಲಿ ಆ ಕೂಟ ಮೂಡುಬಿದಿರೆಯಲ್ಲೇ ನಡೆದಾಗಲೂ ಸಮಗ್ರ ಪ್ರಶಸ್ತಿ ಅದರದೇ ಆಯಿತು. 2022ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆಯಿತು. ಆತಿಥ್ಯ ವಹಿಸಿದ ಜೈನ್ ವಿಶ್ವವಿದ್ಯಾಲಯವೇ 20 ಚಿನ್ನದ ಪದಕಗಳೊಡನೆ ಪಟ್ಟಿಯ ತುದಿಗೇರಿತು. ಇವನ್ನು ನೋಡಿ ನಾನು ಹೆಮ್ಮೆಪಟ್ಟಿದ್ದೇನೆ. ದಾರಿಯಿಲ್ಲದ ಊರಿನ ಹುಡುಗಿಯೊಬ್ಬಳು ಓಟದ ಬಲದಿಂದ ಪದವೀಧರೆಯಾಗುವುದು ಸಣ್ಣ ಸಂಗತಿಯಲ್ಲ.

ಆದರೆ ಈ ಗೆಲವುಗಳ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಆಗಲೇ ಹೆಸರು ಮಾಡಿದ ಪಟುವನ್ನು ಕರೆತಂದು ಅಂಗಿ ತೊಡಿಸಿದಾಗ ದೊರೆಯುವ ಕಪ್ಪು ಯಾರ ತರಬೇತಿಗೆ ಸಾಕ್ಷಿ? ಅವನನ್ನು ಬಾಲ್ಯದಲ್ಲಿ ತಿದ್ದಿದ ಹಳ್ಳಿಯ ಮೇಷ್ಟ್ರಿಗೋ, ಅವನಿಗೆ ಊಟವಿಕ್ಕಿದ ಸಂಸ್ಥೆಗೋ, ಕೊನೆಯ ವರ್ಷ ಜೊತೆಗಿದ್ದ ತರಬೇತುದಾರನಿಗೋ? ಅಮೆರಿಕದ ಹಲವು ರಾಜ್ಯಗಳಲ್ಲಿ ಸರ್ಕಾರದಿಂದ ಎಲ್ಲರಿಗಿಂತ ಹೆಚ್ಚು ಸಂಬಳ ಪಡೆಯುವವನು ರಾಜ್ಯಪಾಲನಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಇಲ್ಲವೆ ಬ್ಯಾಸ್ಕೆಟ್‌ಬಾಲ್ ತರಬೇತುದಾರ. 2025ರ ಜುಲೈಯಿಂದ ಅಲ್ಲಿನ ವಿಶ್ವವಿದ್ಯಾಲಯಗಳು ಆಟಗಾರರಿಗೂ ನೇರವಾಗಿ ಹಣ ಕೊಡತೊಡಗಿವೆ. ಅಷ್ಟು ಹಣ ಸುರಿದವರು ಗೆಲವನ್ನೇ ಕೇಳುತ್ತಾರೆ, ಕೇಳಲಿ. ಗೌರವಧನವನ್ನೂ ಮೂರು ತಿಂಗಳು ತಡವಾಗಿ ಕೊಡುವ ನಾವು ಅದೇ ದರ್ಪದಿಂದ ಕೇಳುವುದು ಯಾವ ನ್ಯಾಯ?

ಫಲಿತಾಂಶವೊಂದನ್ನೇ ಅಳತೆಗೋಲಾಗಿ ಹಿಡಿದರೆ ಎಂಥ ಗೊಂದಲವಾಗುತ್ತದೆಂಬುದಕ್ಕೆ ಕನ್ನಡಿಗರಾದ ಬಿ. ಸಿ. ರಮೇಶ್ ಅವರ ವೃತ್ತಾಂತವೇ ಸಾಕು. 2019ರಲ್ಲಿ ಅವರ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಿತು. ಆ ಅಂತಿಮ ಪಂದ್ಯದಲ್ಲಿ ತಂಡದ ನಾಯಕ ಮಣಿಂದರ್ ಸಿಂಗ್ ಪೆಟ್ಟಿನ ಕಾರಣ ಆಡಲೇ ಇಲ್ಲ. 2024ರ ಮಾರ್ಚಿಯಲ್ಲಿ ರಮೇಶ್ ಅವರ ಪುಣೇರಿ ಪಲ್ಟನ್ ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಅದೇ ವರ್ಷದ ಕೊನೆಗೆ ಮುಗಿದ ಮುಂದಿನ ಆವೃತ್ತಿಯಲ್ಲಿ ನಾಯಕ ಅಸ್ಲಂ ಇನಾಮ್‌ದಾರ್ ಮೊಣಕಾಲಿನ ಪೆಟ್ಟಿನಿಂದ ಹೊರಗುಳಿದರು, ತಂಡ ಕೊನೆಯ ಆರರ ಘಟ್ಟವನ್ನೂ ಮುಟ್ಟಲಿಲ್ಲ. ಗುರು ಅವರೇ, ವಿದ್ಯೆ ಅದೇ. ಒಮ್ಮೆ ನಾಯಕನಿಲ್ಲದೆ ಗೆಲವು, ಇನ್ನೊಮ್ಮೆ ನಾಯಕನಿಲ್ಲದೆ ಸೋಲು. ಮಾರ್ಚಿಯಲ್ಲಿ ಜಾಣರಾಗಿದ್ದವರು ಡಿಸೆಂಬರಿನಲ್ಲಿ ದಡ್ಡರಾದರೆಂದು ಯಾವ ಬಾಯಿಂದ ಹೇಳೋಣ?

ಹಾಗಾದರೆ ತರಬೇತುದಾರನನ್ನು ಅಳೆಯಲೇಬಾರದೆ? ಅಳೆಯಬೇಕು, ಕೋಲು ಬೇರೆಯಾಗಬೇಕು. ರಾಹುಲ್ ದ್ರಾವಿಡ್ ಹತ್ತೊಂಬತ್ತರ ಒಳಗಿನ ಹುಡುಗರ ತರಬೇತುದಾರರಾಗಿದ್ದಾಗ, ಒಬ್ಬ ಆಟಗಾರ ಆ ವಯೋಮಿತಿಯ ವಿಶ್ವಕಪ್ಪನ್ನು ಒಮ್ಮೆ ಮಾತ್ರ ಆಡಬೇಕೆಂಬ ಕಟ್ಟಳೆ ಬಂದಿತು. ಪಳಗಿದ ಹುಡುಗನನ್ನು ಮತ್ತೊಮ್ಮೆ ಆಡಿಸಿದರೆ ಕಪ್ಪು ಹತ್ತಿರವಾಗುತ್ತದೆ, ಆದರೆ ಇನ್ನೊಬ್ಬ ಹುಡುಗನ ಸರದಿ ತಪ್ಪುತ್ತದೆ. ಹೀಗೆ ಗೆಲವಿನ ಒಂದು ಸುಲಭದ ದಾರಿಯನ್ನು ಮುಚ್ಚಿಕೊಂಡೂ 2018ರಲ್ಲಿ ಆ ತಂಡ ವಿಶ್ವಕಪ್ ಗೆದ್ದಿತು. ಮಂಡಳಿಯು ಅವರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿದಾಗ ದ್ರಾವಿಡ್ ಭೇದವೇಕೆಂದು ಕೇಳಿದರು. ಕೊನೆಗೆ ಎಲ್ಲರಿಗೂ 25 ಲಕ್ಷವೆಂದು ತೀರ್ಮಾನವಾಯಿತು. ತನ್ನ ಅರ್ಧ ಬಹುಮಾನವನ್ನು ಬಿಟ್ಟುಕೊಟ್ಟ ಈ ಗುರುವಿನಿಂದ ಹುಡುಗರು ಬ್ಯಾಟು ಹಿಡಿಯುವುದಕ್ಕಿಂತ ಹೆಚ್ಚಿನದನ್ನು ಕಲಿತಿರಬೇಕು.

ಇದಕ್ಕೆ ವಿರುದ್ಧವಾದ ಪ್ರಸಂಗವೂ ನಮ್ಮ ನೆಲದ್ದೇ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು ನಾಡಿನ ಕಣ್ಮಣಿಯಾದರು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲಿ ಅವರೂ ಒಬ್ಬರಾದರು. ತರಬೇತುದಾರರ ಮೂಲಕ ಬಂದ ಪೂರಕ ಆಹಾರವನ್ನು ನಂಬಿ ಸೇವಿಸಿದೆವೆಂದು ಓಟಗಾರ್ತಿಯರು ಹೇಳಿದರು. ವಿದೇಶೀ ತರಬೇತುದಾರರು ಕೆಲಸ ಕಳೆದುಕೊಂಡರು. ಓಟಗಾರ್ತಿಯರು ಎರಡು ವರ್ಷ ಕಳೆದುಕೊಂಡರು. ಚಿನ್ನ ಬಂದ ದಿನ, ಆ ಶಿಬಿರದಲ್ಲಿ ಏನು ನಡೆಯುತ್ತಿದೆಯೆಂದು ಅಭಿಮಾನಿಗಳಾದ ನಮ್ಮಲ್ಲಿ ಯಾರಾದರೂ ಕೇಳಿದೆವೆ? ಗೆಲವು ಬಂದಾಗ ಕೇಳದವರಿಗೆ ಸೋಲು ಬಂದಾಗ ಕೂಗುವ ಅಧಿಕಾರ ಸ್ವಲ್ಪ ಕಡಮೆಯೇ.

ಪಂಪ, ಕುಮಾರವ್ಯಾಸರನ್ನು ಪಾಠ ಹೇಳುವ ನನಗೆ ಇಲ್ಲೊಂದು ವಿನೋದ ಕಾಣುತ್ತದೆ. ಶ್ರೇಷ್ಠ ತರಬೇತುದಾರರಿಗೆ ಕೇಂದ್ರ ಸರ್ಕಾರವು 1985ರಿಂದ ಕೊಡುತ್ತಿರುವ ಪ್ರಶಸ್ತಿಗೆ ದ್ರೋಣಾಚಾರ್ಯರ ಹೆಸರು. ನಮ್ಮ ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರು. ಹೆಬ್ಬೆರಳನ್ನು ಕೇಳಿದವನಿಗೆ ದೆಹಲಿಯಲ್ಲಿ ಮನ್ನಣೆ, ಕೊಟ್ಟವನಿಗೆ ಬೆಂಗಳೂರಿನಲ್ಲಿ! ದ್ರೋಣನ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಅರ್ಜುನನೇ ಮೊದಲಿಗನಾಗಬೇಕೆಂಬ ಹಟ ಅವನಿಂದ ಆ ಕೆಲಸ ಮಾಡಿಸಿತು. ಇಂದಿನ ತರಬೇತುದಾರನ ಮುಂದೆ ನಿಂತು ಅದೇ ಹಟ ಹಿಡಿಯುವವರು ಅಂಕಣದ ಸುತ್ತ ನಿಂತ ನಾವು.

ಈಗ ಆ ಸಂಗತಿ. ಕೆಲವು ವರ್ಷಗಳ ಹಿಂದೆ ಅಂತರ ಕಾಲೇಜು ಪಂದ್ಯಾವಳಿಯ ಎಂಟರ ಘಟ್ಟದಲ್ಲಿ ನಮ್ಮ ತಂಡ ಎರಡೇ ಅಂಕಗಳಿಂದ ಸೋತಿತು. ನಮ್ಮ ಅತ್ಯುತ್ತಮ ದಾಳಿಗಾರ ಆ ದಿನ ಅಂಕಣದ ಹೊರಗೆ ಕುಳಿತಿದ್ದ. ಹಿಂದಿನ ಪಂದ್ಯದಲ್ಲಿ ಅವನ ಮೊಣಕಾಲು ಊದಿಕೊಂಡಿತ್ತು. ಆಡುತ್ತೇನೆಂದು ಅವನು ಅಂಗಲಾಚಿದ. ಕೊನೆಯ ಐದು ನಿಮಿಷದಲ್ಲಿ ನಾವೆಲ್ಲ ಅವನ ಹೆಸರು ಹಿಡಿದು ಕೂಗಿದೆವು. ಗೌರವಧನದ ಮೇಲೆ ಬಂದಿದ್ದ ಆ ಯುವಕ ತರಬೇತುದಾರರು ಅಲುಗಲಿಲ್ಲ. ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ನಾನು, “ಆತನಿಗೆ ಗೆಲ್ಲುವ ಛಲವೇ ಇಲ್ಲ” ಎಂದೆ. ಕ್ರೀಡಾ ಸಮಿತಿಯಲ್ಲಿದ್ದುದರಿಂದ ಆ ಮಾತನ್ನು ಸಭೆಯಲ್ಲೂ ಆಡಿದೆ. ಮುಂದಿನ ವರ್ಷ ಅವರನ್ನು ಕರೆಯಲಿಲ್ಲ. ಬೇರೊಬ್ಬರು ಬಂದರು. ಆ ವರ್ಷ ಎರಡನೆಯ ಸುತ್ತಿನಲ್ಲೇ ಸೋತೆವು.

ಕಳೆದ ವರ್ಷ ಆ ಹುಡುಗ ಇದೇ ಕೆರೆಯ ಬಳಿ ಸಿಕ್ಕಿದ. ಪೊಲೀಸು ಕೆಲಸಕ್ಕೆ ಆಯ್ಕೆಯಾಗಿದ್ದ. “1600 ಮೀಟರು ಓಡಿದೆ, ಸರ್. ಕಾಲು ಏನೂ ತೊಂದರೆ ಕೊಡಲಿಲ್ಲ” ಎಂದ. ಸ್ವಲ್ಪ ತಡೆದು, “ಅವತ್ತು ಕೋಚ್ ಸರ್ ನನ್ನ ಆಡಿಸಿದ್ದರೆ ಈ ಕಾಲು ಇರ್ತಿರಲಿಲ್ಲ ಅಂತ ಡಾಕ್ಟರು ಆಮೇಲೆ ಹೇಳಿದರು. ಅವರು ಈಗ ಎಲ್ಲಿದ್ದಾರೆ, ಸರ್? ಒಂದು ಸಿಹಿ ಕೊಟ್ಟು ಬರಬೇಕಿತ್ತು” ಎಂದು ಕೇಳಿದ.

“ಗೊತ್ತಿಲ್ಲಪ್ಪ” ಎಂದೆ. ಅವರನ್ನು ಕಳಿಸಿದವರಲ್ಲಿ ನಾನೊಬ್ಬನೆಂದು ಹೇಳಲು ಆ ಕ್ಷಣ ನಾಲಗೆ ಏಳಲಿಲ್ಲ.

ಆ ದಿನದಿಂದ ಕ್ರೀಡಾ ಸಮಿತಿಯ ಸಭೆಯಲ್ಲಿ ಎಷ್ಟು ಕಪ್ಪು ಬಂದುವೆಂದು ಕೇಳುವ ಮೊದಲು ನಾನು ಬೇರೆ ನಾಲ್ಕು ಪ್ರಶ್ನೆ ಕೇಳುತ್ತೇನೆ. ಮೊದಲ ವರ್ಷ ಬಯಲಿಗೆ ಬಂದವರಲ್ಲಿ ಮೂರನೆಯ ವರ್ಷಕ್ಕೆ ಉಳಿದವರೆಷ್ಟು? ಪೆಟ್ಟು ತಿಂದವರೆಷ್ಟು, ಅವರನ್ನು ನೋಡಿಕೊಂಡವರು ಯಾರು? ಪರೀಕ್ಷೆ ಪಾಸಾದವರೆಷ್ಟು? ತರಬೇತುದಾರರ ಗೌರವಧನ ಸಂದಿತೆ? ಸಹೋದ್ಯೋಗಿಗಳು ನಗುತ್ತಾರೆ, ಕನ್ನಡದವರು ಕಬಡ್ಡಿಗೂ ವ್ಯಾಕರಣ ಹಚ್ಚುತ್ತಾರೆಂದು ಹಾಸ್ಯ ಮಾಡುತ್ತಾರೆ. ಮಾಡಲಿ. ಆ ಯುವಕ ತರಬೇತುದಾರರನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಸಿಕ್ಕಿದರೆ ಹುಡುಗನ ಸಿಹಿಯನ್ನೂ ನನ್ನ ಮಾತನ್ನೂ ಒಟ್ಟಿಗೆ ಒಪ್ಪಿಸಬೇಕಾಗಿದೆ.