ಕೆರೆ ಏರಿಗೆ ಮುಳ್ಳು ಹಾಕೋದು ಬೇಡ

ಮೊನ್ನೆ ಡೇರಿ ಹತ್ರ ಒಂದು ಮಾತು ಬಂತು. ಕೆರೆ ಏರಿಯ ಎರಡು ತುದಿಗೂ ಜಾಲಿ ಮುಳ್ಳು ಎಳೆದು ಹಾಕೋಣ, ಭಾನುವಾರ ಬೆಂಗಳೂರಿಂದ ಓಡೋಕೆ ಬರ್ತಾರಲ್ಲ, ಅವರ ಕಾಟ ತಪ್ಪುತ್ತೆ ಅಂತ. ಅಲ್ಲಿದ್ದ ಹೆಚ್ಚಿನವರು ಹೂಂ ಅಂದ್ರು. ನಾನು ಹಾಲು ಹಾಕಿ ಕ್ಯಾನ್ ಎತ್ಕೊಂಡು ಸುಮ್ನೆ ಮನೆಗೆ ಬಂದೆ. ಬಾಯಿ ಬಿಡದೆ ಬಂದಿದ್ದು ನನ್ನ ತಪ್ಪು, ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ನೀರು ಕಟ್ಟಿ ಬಂದು ನಿಧಾನಕ್ಕೆ ಓದಿ.

ಇವರು ಯಾಕೆ ಇಲ್ಲಿಗೇ ಬರ್ತಾರೆ ಅಂತ ನಾವು ಯಾವತ್ತೂ ಯೋಚನೆ ಮಾಡಿಲ್ಲ. ನಂದಿ ಬೆಟ್ಟದಲ್ಲಿ ಹುಟ್ಟೋ ಅರ್ಕಾವತಿ ನಮಗೆ ಹರಿಯೋ ಹೊಳೆಯಾಗಿ ಕಾಣೋದು ಜೋರು ಮಳೆ ಬಂದ ವರ್ಷ ಮಾತ್ರ. ಉಳಿದಂತೆ ಅದು ಕೆರೆಯಿಂದ ಕೆರೆಗೆ ಇಳಿಯೋ ನದಿ. ದೊಡ್ಡಬಳ್ಳಾಪುರದ ನಾಗರಕೆರೆ, ಆಮೇಲೆ ಹೆಸರಘಟ್ಟ, ಆಮೇಲೆ ಕುಮುದ್ವತಿ ಬಂದು ಸೇರೋ ತಿಪ್ಪಗೊಂಡನಹಳ್ಳಿ. ಒಂದು ಕಾಲಕ್ಕೆ ಬೆಂಗಳೂರು ಕುಡಿದಿದ್ದು ಇದೇ ನೀರನ್ನ. ಹೆಸರಘಟ್ಟದಿಂದ ನಲ್ಲಿ ನೀರು ಹೋಗಿದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿ ಆಗಿದ್ದು 1933ರಲ್ಲಿ. ಈಗ ಅವರ ಮೊಮ್ಮಕ್ಕಳು ನೀರಿನ ದಾರಿ ಹಿಡ್ಕೊಂಡು ಮೇಲಕ್ಕೆ ಓಡಿ ಬರ್ತಿದಾರೆ ಅಷ್ಟೆ.

ಅವರ ದಾರೀನ ಒಂದು ದಿನ ನಾನೂ ನಡೆದು ನೋಡಿದೆ. ತೂಬಿನಿಂದ ಏರಿ ಮೇಲೆ ಕೋಡಿವರೆಗೆ, ಅಲ್ಲಿಂದ ಹಳ್ಳದ ಪಕ್ಕ ಹೊಂಗೆ ಸಾಲು, ಆಮೇಲೆ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ. ಐದೂವರೆಗೆ ಮಾಕಳಿ ಬೆಟ್ಟದ ಕಡೆಯಿಂದ ರೈಲು ಕೂಗುತ್ತೆ, ಆರಕ್ಕೆ ನಂದಿ ಬೆಟ್ಟದ ನೆತ್ತಿ ಮಂಜಿನ ಮೇಲೆ ಎದ್ದು ನಿಲ್ಲುತ್ತೆ. ದಿನಾ ಇಲ್ಲೇ ಇದ್ರೂ ಇದನ್ನ ನಾನು ತಲೆ ಎತ್ತಿ ನೋಡಿ ಎಷ್ಟು ವರ್ಷ ಆಗಿತ್ತೋ. ಗೋಕರ್ಣಕ್ಕೆ ಹೋದಾಗ ಕೂಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಕಾಲುದಾರೀಲಿ ಹೋಗಿದ್ದೆ, ಒಂದು ಕಡೆ ಕಾಡು, ಒಂದು ಕಡೆ ಕಡಲು. ಅದನ್ನ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ. ನಮ್ಮ ಕೆರೆ ಬಗ್ಗೆ ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಕಾಟ ಇಲ್ಲ ಅಂತ ನಾನು ಹೇಳ್ತಿಲ್ಲ. ಏರಿ ಕೆಳಗೆ ಕಾರು ಅಡ್ಡ ನಿಲ್ಲಿಸಿ ಹೋಗಿ, ಹಾಲಿನ ಗಾಡಿ ಮುಕ್ಕಾಲು ಗಂಟೆ ನಿಂತಿದ್ದು ನಿಜ. ಹುಳ ಸಾಕೋ ಮನೆ ಬಾಗಿಲಿಗೆ ನಾಯಿ ಬಿಟ್ಕೊಂಡು ಬಂದು "ಒಳಗೆ ನೋಡಬಹುದಾ" ಅಂತ ಕೇಳಿದ್ದೂ ನಿಜ. ನಾಲ್ಕನೇ ಜ್ವರದಲ್ಲಿರೋ ಹುಳಕ್ಕೆ ಹೊರಗಿನ ಕಾಲಿಂದ ಏನು ರೋಗ ಬರುತ್ತೆ ಅಂತ ಅವರಿಗೆ ಏನು ಗೊತ್ತು? ನನ್ನ ತೋಟದಲ್ಲೇ ಒಂದು ಘಟನೆ ಆಯ್ತು. ಹಿಂದಿನ ದಿನ ಔಷಧಿ ಹೊಡೆದಿದ್ದೆ. ಬೆಳಿಗ್ಗೆ ನೋಡಿದ್ರೆ ಒಬ್ಬ ಹೆಣ್ಣುಮಗಳು, ಜೊತೆಗೆ ಹತ್ತು ವರ್ಷದ ಮಗ, ಗೊನೆಗೆ ಕೈ ಹಾಕಿ ಹುಡುಗ ಬಾಯಿಗೆ ಹಾಕೋದೊಂದು ಬಾಕಿ. ನಾನು ಕೂಗಿದ ಕೂಗಿಗೆ ಆ ಮಗು ಬೆಚ್ಚಿಬಿದ್ದು ಅಳೋಕೆ ಶುರು ಮಾಡ್ತು. ಆಯಮ್ಮ ಬೈತಾರೆ ಅಂದ್ಕೊಂಡೆ. "ಔಷಧಿ ಹೊಡೆದಿದೀರ ಅಂತ ಒಂದು ಬೋರ್ಡ್ ಹಾಕಬಾರದಿತ್ತಾ ಅಣ್ಣ?" ಅಂದ್ರು. ಕೇಳದೆ ಕಿತ್ತಿದ್ದು ಅವರ ತಪ್ಪು, ಸರಿ. ಆದ್ರೆ ಬೋರ್ಡ್ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಮಾರನೇ ದಿನವೇ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿ ನೇತುಹಾಕಿದೆ. ಆಮೇಲೆ ಒಂದು ಗೊನೆಗೂ ಯಾರೂ ಕೈ ಹಾಕಿಲ್ಲ.

ಇನ್ನು ನಮ್ಮ ಕಡೆಯ ಲೆಕ್ಕ. ಡಿಸೆಂಬರಿನಲ್ಲಿ ಟಾರು ರೋಡಿನ ತುಂಬ ರಾಗಿ ತೆನೆ ಹರಡಿ ಒಕ್ಕಣೆ ಮಾಡೋರು ಯಾರು? ನಾವೇ. ಬೈಕಿನವರು ಜಾರಿ ಬಿದ್ದಿದ್ದು ನೋಡಿದೀವಿ, ಆದ್ರೂ ಮುಂದಿನ ವರ್ಷ ಅದೇ ಜಾಗಕ್ಕೆ ಹೊರೆ ಇಳಿಸ್ತೀವಿ. ಓಡೋರು ಬಾಟಲಿ ಬಿಸಾಕ್ತಾರೆ ಅಂತೀವಿ, ಕೆರೆ ಅಂಗಳದಲ್ಲಿರೋ ಔಷಧಿ ಡಬ್ಬಗಳು ಅವರದ್ದಲ್ಲ.

ಓಡೋರೆಲ್ಲ ಬೆಂಗಳೂರಿನೋರಾ? ಬೆಳಗಿನ ನಾಲ್ಕೂವರೆಗೆ ಎದ್ದು ನೋಡಿ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಾಗ್ತಿರೋ ನಮ್ಮೂರ ಹುಡುಗರು ಹೈವೇ ಸರ್ವಿಸ್ ರೋಡಲ್ಲಿ ಓಡ್ತಿರ್ತಾರೆ. ಆರೂವರೆ ನಿಮಿಷದಲ್ಲಿ 1600 ಮೀಟರ್ ಮುಟ್ಟಬೇಕು, ಹೆಣ್ಣುಮಕ್ಕಳು ಎರಡು ನಿಮಿಷದಲ್ಲಿ 400. ಕತ್ತಲು, ಎದುರಿಗೆ ಜಲ್ಲಿ ಲಾರಿ. ಯಾಕಪ್ಪಾ ಏರಿ ಮೇಲೆ ಓಡಲ್ಲ ಅಂತ ನಮ್ಮ ಅಣ್ಣನ ಮಗನ್ನ ಕೇಳಿದೆ. "ಚಿಕ್ಕಪ್ಪಾ, ಏರಿ ಆದ್ಮೇಲೆ ದಾರಿ ಎಲ್ಲಿದೆ? ಕಾಂಪೌಂಡ್ ಕಟ್ಟಿದಾರಲ್ಲ" ಅಂದ.

ವಿಷಯ ಇರೋದು ಇಲ್ಲೇ. ಕೋಡಿಯಿಂದ ಮುಂದಿನ ಊರಿನ ಕೆರೆಗೆ ಬಂಡಿದಾರಿ ಇತ್ತು. ನಮ್ಮಪ್ಪ ಎತ್ತು ಹೊಡ್ಕೊಂಡು ಘಾಟಿ ದನಗಳ ಜಾತ್ರೆಗೆ ಹೋಗ್ತಿದ್ದಿದ್ದು ಅದರಲ್ಲೇ. ಹಳ್ಳದವರೆಗೆ ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕಿ ಗೆರೆ ಇದೆ. ಅಲ್ಲಿಂದ ಮುಂದೆ ಎರಡು ಸರ್ವೆ ನಂಬರ್ ಒಳಗೆ ಹೋಗೋದು ಬರೀ ರೂಢಿ ದಾರಿ, ನಕಾಶೆಯಲ್ಲಿಲ್ಲ. ಹೋದ ವರ್ಷದ ಯುಗಾದಿ ಆದ್ಮೇಲೆ ಅಲ್ಲೊಂದು ಲೇಔಟ್ ಬಂತು, ಗೋಡೆ ಎದ್ದಿತು. ನಾವು ಗೊಣಗಿಕೊಂಡು ಟ್ರ್ಯಾಕ್ಟರನ್ನ ಮೂರು ಕಿಲೋಮೀಟರ್ ಸುತ್ತಿಸಿಕೊಂಡು ಹೋಗೋದು ಅಭ್ಯಾಸ ಮಾಡ್ಕೊಂಡ್ವಿ.

ಗೋಡೆ ಮುಂದೆ ನಿಂತು ಕೇಳಿದ್ದು ಒಬ್ಬ ಓಟಗಾರ, ರಿಟೈರ್ ಆದ ಮನುಷ್ಯ. ಕೈಗಡಿಯಾರದಲ್ಲಿ ಓಡಿದ ದಾರಿಯೆಲ್ಲ ದಾಖಲಾಗುತ್ತಂತೆ. ಫೋನ್ ತೆಗೆದು ತೋರಿಸಿದ್ರು, ಆರು ವರ್ಷದಿಂದ ಇದೇ ದಾರೀಲಿ ಓಡಿದ ಗೆರೆಗಳು, ತಾರೀಕು ಸಮೇತ. "ಇಲ್ಲಿ ದಾರಿ ಇತ್ತಲ್ಲ ಸಾರ್, ಯಾರು ಮುಚ್ಚಿದ್ದು?" ಅಂದ್ರು. ನಮ್ಮ ಹತ್ರ ಅಪ್ಪ ಹೇಳಿದ ಮಾತು ಬಿಟ್ರೆ ಒಂದು ಚೂರು ಕಾಗದ ಇಲ್ಲ.

ಕೇಳಿ ತಿಳ್ಕೊಂಡಿದ್ದು ಇಷ್ಟು. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ, ಖಾಸಗಿ ಜಮೀನಿನಲ್ಲಿ ಇಪ್ಪತ್ತು ವರ್ಷ ಅಡ್ಡಿ ಇಲ್ಲದೆ, ಹಕ್ಕು ಅಂತ ಬಳಸಿದ ದಾರಿಗೆ ಕೋರ್ಟಿನಲ್ಲಿ ಬೆಲೆ ಇದೆ. ಆದ್ರೆ ಆ ಬಳಕೆ ನಿಂತು ಎರಡು ವರ್ಷ ಆಗೋದರೊಳಗೆ ದಾವೆ ಹೂಡಬೇಕು. ಎರಡು ವರ್ಷ! ನಮಗೆ ಉಳಿದಿರೋದು ಕೆಲವೇ ತಿಂಗಳು. ಕಾಲುದಾರಿ, ಬಂಡಿದಾರಿ ಮುಚ್ಚಿದ್ರೆ ತೆರವು ಮಾಡಿಸಿ ಅಂತ 2023ರಲ್ಲಿ ಕಂದಾಯ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿದೆ, ಅಲ್ಲಿಗೂ ಅರ್ಜಿ ಹಾಕಬಹುದು. ಗಡಿಯಾರದ ಗೆರೆ ಇಪ್ಪತ್ತು ವರ್ಷ ತೋರಿಸಲ್ಲ, ಆದ್ರೆ ಗೋಡೆ ಏಳೋವರೆಗೂ ಜನ ಓಡಾಡ್ತಿದ್ರು ಅನ್ನೋದಕ್ಕೆ ಅಷ್ಟಾದ್ರೂ ಆಧಾರ. ಹಿಂದಿನದಕ್ಕೆ ನಮ್ಮ ಹಿರಿಯರು ಬಾಯಿ ಬಿಟ್ಟು ಹೇಳಿಕೆ ಕೊಡಬೇಕು.

ಇಂಗ್ಲೆಂಡಿನಲ್ಲಿ ಜನ ನಡೆಯೋ ಹಕ್ಕಿರೋ ದಾರಿಗಳನ್ನೆಲ್ಲ ನಕ್ಷೆಗೆ ಹತ್ತಿಸಬೇಕು ಅಂತ 1949ರಲ್ಲೇ ಕಾನೂನು ಮಾಡಿದ್ರು. ಹೊಲದ ನಡುವೆ ದಾರಿ ಇದ್ರೆ ಉತ್ತ ಮೇಲೆ ರೈತನೇ ಅದನ್ನ ಸರಿ ಮಾಡಿ ಬಿಡಬೇಕು. ಬರೋರು ನಾಯಿ ಹಿಡಿತದಲ್ಲಿ ಇಟ್ಕೋಬೇಕು, ಗೇಟು ಹೆಂಗಿತ್ತೋ ಹಂಗೇ ಬಿಡಬೇಕು. ಇಬ್ಬರಿಗೂ ಕಟ್ಟುಪಾಡು. ನಮ್ಮಲ್ಲಿ ಬಂಡಿದಾರಿ ತಿಂದಿದ್ದು ಬರೀ ಲೇಔಟಿನೋರಲ್ಲ ಅನ್ನೋದೂ ಇಲ್ಲಿ ಹೇಳಬೇಕು. ವರ್ಷಕ್ಕೊಂದು ಸಾಲು ಅಂತ ನೇಗಿಲು ಒತ್ತಿ ಒತ್ತಿ ನಾವೂ ತಿಂದಿದೀವಿ. ಯಾರ್ಯಾರು ಅಂತ ಹೆಸರು ಬೇಡ, ನನ್ನ ಬದುವಿನ ಪಕ್ಕದ್ದೂ ಸೇರುತ್ತೆ.

ಈಗ ಏರಿಗೆ ನಾವೇ ಮುಳ್ಳು ಹಾಕಿದ್ರೆ, ನಾಳೆ ತಹಶೀಲ್ದಾರ್ ಮುಂದೆ ಯಾವ ಮುಖ ಇಟ್ಕೊಂಡು ಗೋಡೆ ತೆಗೆಸಿ ಅಂತ ಕೇಳೋದು? "ಇದು ಎಲ್ಲರ ದಾರಿ ಅಂತೀರ, ಹಂಗಾದ್ರೆ ಈ ಮುಳ್ಳು ಏನು?" ಅಂತ ಎದುರು ಪಾರ್ಟಿ ಲಾಯರ್ ಫೋಟೋ ಹಿಡಿದ್ರೆ ಮುಗೀತು.

ಓಡೋರ ಗುಂಪಿನವರ ಹತ್ರ ನಾನು ಮಾತಾಡಿದೀನಿ. ಕಾರು ಶಾಲೆ ಮೈದಾನದಲ್ಲಿ ನಿಲ್ಲಿಸ್ತಾರೆ, ನಾಯಿ ತರಲ್ಲ, ಹುಳದ ಮನೆ ಕಡೆ ತಿರುಗಲ್ಲ. ಅದಕ್ಕೂ ತಪ್ಪಿದ್ರೆ ನಾನೇ ಮುಂದೆ ನಿಂತು ಕೇಳ್ತೀನಿ. ಹಂಗೇ ಅವರಿಗೆ ಇನ್ನೊಂದು ಮಾತೂ ಹೇಳಿದೆ. ಸೂರ್ಯ ಹುಟ್ಟೋ ಫೋಟೋ ಹಾಕ್ತೀರಲ್ಲ, ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗೂ ಒಂದು ಸಲ ಓಡಿ ಹೋಗಿ. ಪೇಟೆಯ ಒಳಚರಂಡಿ, ಕಾರ್ಖಾನೆ ನೀರು ಸೇರಿ ಆ ಕೆರೆಗಳು ಏನಾಗಿವೆ, ಅಲ್ಲಿನ ಜನ ವರ್ಷಗಟ್ಟಲೆ ಯಾಕೆ ಹೋರಾಡ್ತಿದಾರೆ ನೋಡಿ, ಅದರ ಫೋಟೋನೂ ಹಾಕಿ ಅಂತ. ಒಪ್ಪಿದಾರೆ. ನೋಡೋಣ.

ಬರೋ ಭಾನುವಾರ ಆರು ಗಂಟೆಗೆ ತೂಬಿನ ಹತ್ರ ಸೇರ್ತಿದೀವಿ. ದಿಶಾಂಕ್ ಆಪ್ ಇರೋ ಫೋನ್ ತನ್ನಿ, ನಡೀತಾ ಯಾವ ಸರ್ವೆ ನಂಬರಿನಲ್ಲಿದೀವಿ ಅಂತ ಅದು ತೋರಿಸುತ್ತೆ. ಗ್ರಾಮ ನಕಾಶೆ ಪ್ರತಿ ನಾನು ತರ್ತೀನಿ. ಎಪ್ಪತ್ತು ದಾಟಿದೋರು ಮನೇಲಿದ್ರೆ ಕರ್ಕೊಂಡು ಬನ್ನಿ, ನಡೆಯೋಕೆ ಆಗದಿದ್ರೆ ನನ್ನ ಟ್ರ್ಯಾಕ್ಟರ್ ಇದೆ.