ಫಾದರ್‌ಗೆ ಜೀಪು ಸಿಕ್ಕಿತು, ಡೀಸೆಲ್ಲು ಹಾಕುವವರು ಯಾರು?

ಚರ್ಚಿನ ಫಾದರ್ ಜೀಪಿನಲ್ಲಿ ಹೋದರೆ ‘ಸಂನ್ಯಾಸಿಗೆ ಜೀಪ್ಯಾಕೆ ಸ್ವಾಮಿ?’ ಅಂತ ಅಂಗಡಿ ಕಟ್ಟೆಯಿಂದ ಒಂದು ಮಾತು ತೇಲಿ ಬರುವುದುಂಟು. ಪೇಟೆಯ ಫಾದರ್‌ಗಳ ಮಟ್ಟಿಗೆ ಆ ಮಾತು ಇರಲಿ ಬಿಡಿ. ಕಾಡು, ಹೊಳೆ, ಮರಳುಗಾಡಿನಾಚೆ ಹತ್ತಾರು ಹಳ್ಳಿ ಒಬ್ಬರೇ ನೋಡಿಕೊಳ್ಳುವ ಪಾದ್ರಿಗಳ ಕಥೆ ಬೇರೆ.

1925ರಲ್ಲಿ ಆಫ್ರಿಕಾದ ಓವಾಂಬೊಲ್ಯಾಂಡಿನಲ್ಲಿ, ಅಂದರೆ ಈಗಿನ ನಮೀಬಿಯಾದ ಉತ್ತರಕ್ಕೆ, ಒಟ್ಟೊ ಫೂರ್ಮನ್ ಎಂಬ ಜರ್ಮನ್ ಪಾದ್ರಿ ಜ್ವರ ಬಂದು ತೀರಿಕೊಂಡರು. ಬೇಗ ಆಸ್ಪತ್ರೆ ಮುಟ್ಟಿಸಲು ವಾಹನವೇ ಇರಲಿಲ್ಲ. ಅವರ ಗೆಳೆಯ ಪೌಲ್ ಶುಲ್ಟೆ ಕೂಡ ಪಾದ್ರಿ. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವರು. ಸುದ್ದಿ ಕೇಳಿ ಅತ್ತು ಸುಮ್ಮನಾಗಲಿಲ್ಲ. ದೂರದೂರದ ಪಾದ್ರಿಗಳಿಗೆ ವಾಹನ ಒದಗಿಸಲೆಂದೇ 1927ರಲ್ಲಿ ‘ಮೀವಾ’ ಎಂಬ ಸಂಘ ಕಟ್ಟಿದರು. 1938ರಲ್ಲಿ ಕೆನಡಾದ ಹಿಮಪ್ರದೇಶಕ್ಕೆ ತಾವೇ ವಿಮಾನ ಹಾರಿಸಿಕೊಂಡು ಹೋಗಿ ಕಾಯಿಲೆ ಬಿದ್ದಿದ್ದ ಪಾದ್ರಿಯೊಬ್ಬರನ್ನು ಕರೆತಂದರು. ಗಟ್ಟಿ ಆಸಾಮಿ!

ಆಸ್ಟ್ರಿಯಾದಲ್ಲಿ 1949ರಲ್ಲಿ ಶುರುವಾದ ಮೀವಾದ ವಸೂಲಿ ಕ್ರಮವಂತೂ ಬಸ್ಸಿನಲ್ಲಿ ಓಡಾಡುವವರು ಕೇಳಲೇಬೇಕಾದ್ದು. ಪ್ರಯಾಣಿಕರ ಸಂತ ಕ್ರಿಸ್ತೋಫರನ ಹಬ್ಬ ಬರುವ ಜುಲೈನಲ್ಲಿ, ಅಪಘಾತವಿಲ್ಲದೆ ಓಡಿಸಿದ ಪ್ರತಿ ಕಿಲೋಮೀಟರಿಗೆ ಸೆಂಟಿನ ಹತ್ತನೇ ಒಂದು ಭಾಗ ಕೊಡಿ ಅನ್ನುತ್ತಾರೆ. ಸಾವಿರ ಕಿಲೋಮೀಟರಿಗೆ ಒಂದು ಯೂರೋ. ಅಂಗಡಿಯವರ ಲೆಕ್ಕದಲ್ಲಿ ಚಿಲ್ಲರೆ. ಆ ಚಿಲ್ಲರೆಯಲ್ಲೇ ಸೈಕಲ್ಲು, ಮೋಟಾರ್ ಸೈಕಲ್ಲು, ದೋಣಿ, ಜೀಪು ಬರುತ್ತವೆ. ಗಾಡಿ ಹೋಗದ ಬೆಟ್ಟಕ್ಕೆ ಹೇಸರಗತ್ತೆ!

ಇದು ಷೋಕಿಯಲ್ಲ. ಕ್ಯಾಥೋಲಿಕರಲ್ಲಿ ಬಲಿಪೂಜೆ, ಪಾಪನಿವೇದನೆ, ರೋಗಿಗೆ ಎಣ್ಣೆ ಹಚ್ಚುವ ಸಂಸ್ಕಾರ ಇವಕ್ಕೆಲ್ಲ ಪಾದ್ರಿಯೇ ಆಗಬೇಕು, ಬೇರೆಯವರು ಮಾಡುವಂತಿಲ್ಲ. ಅಮೆಜಾನ್ ಕಾಡಿನ ಕೆಲವು ಊರಿಗೆ ಪಾದ್ರಿ ಮತ್ತೆ ಬರಲು ತಿಂಗಳುಗಳಲ್ಲ, ವರ್ಷಗಳೇ ಹಿಡಿಯುತ್ತವೆ ಎಂದು 2019ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಸೇರಿದ ಬಿಷಪ್ಪರ ಸಭೆಯೇ ಬರೆದಿಟ್ಟಿತು. ಸಾಯುವವರು ಅಷ್ಟು ದಿನ ಕಾಯುತ್ತಾರೆಯೇ? ದಿನಕ್ಕೊಂದೇ ಬಸ್ಸು ಬರುವ, ಅದೂ ಮಳೆಗಾಲದಲ್ಲಿ ಕೈಕೊಡುವ ಊರಿನವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ತಕರಾರಿದೆ. ಹೊಸ ಗಾಡಿಗೆ ಹಾರ ಹಾಕಿ, ಕೀಲಿಕೈ ಕೊಟ್ಟು ಫೋಟೋ ತೆಗೆಸಿಕೊಳ್ಳಲು ದಾನಿಗಳು ಎಲ್ಲೆಡೆ ಸಿಗುತ್ತಾರೆ. ಟಯರು ಸವೆದಾಗ, ಕ್ಲಚ್ಚು ಕೈಕೊಟ್ಟಾಗ ಯಾರೂ ಸಿಗುವುದಿಲ್ಲ. ಬಡ ಹಳ್ಳಿಯ ಕಾಣಿಕೆ ಡಬ್ಬಿಯಲ್ಲಿ ಬೀಳುವ ದುಡ್ಡು ಡೀಸೆಲ್ಲಿಗೂ ಸಾಲದು. ಆಗ ದಾನದ ಜೀಪು ಟಾರ್ಪಾಲು ಹೊದ್ದು ಚರ್ಚಿನ ಹಿಂದೆ ಮಲಗುತ್ತದೆ, ಫಾದರ್ ಮತ್ತೆ ನಡೆದೇ ಹೋಗುತ್ತಾರೆ.

ನಷ್ಟ ಅವರೊಬ್ಬರದ್ದಲ್ಲ. ಬೇರೆ ಗಾಡಿಯಿಲ್ಲದ ಊರಲ್ಲಿ ಅರ್ಧರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಜನ ಬಾಗಿಲು ತಟ್ಟುವುದು ಚರ್ಚಿನದ್ದೇ. ಅಲ್ಲಿ ಫಾದರೇ ಡ್ರೈವರು, ಜೀಪೇ ಆಂಬುಲೆನ್ಸು. ಜಾತಿ ಮತ ಕೇಳುತ್ತಾ ಕೂರುವ ಹೊತ್ತೇ ಅದು?

ಆದ್ದರಿಂದ ಗಾಡಿಗೆ ವಂತಿಗೆ ಎತ್ತುವವರು ಮೊದಲು ರಸ್ತೆ ನೋಡಲಿ. ಮೋಟಾರ್ ಸೈಕಲ್ಲು ಸಾಕಾಗುವ ಕಡೆ ಜೀಪು ಬೇಡ. ಕೀಲಿಕೈ ಜೊತೆಗೇ ಒಂದು ವರ್ಷದ ಡೀಸೆಲ್ ದುಡ್ಡು, ಎರಡು ಟಯರು ಕೊಡಲಿ. ಬೇಕಿದ್ದರೆ ಆ ಟಯರಿಗೂ ಹಾರ ಹಾಕಿ ಫೋಟೋ ತೆಗೆಸಿಕೊಳ್ಳಲಿ, ಯಾರ ಅಡ್ಡಿಯೂ ಇಲ್ಲ.