ಸರ್ಕಾರದ ಸ್ವತ್ತು: ಯಾವುದು ಸ್ಥಿರ, ಯಾವುದು ಚರ

ಸರ್ಕಾರದ ಆಸ್ತಿಯನ್ನು ಸ್ಥಿರ, ಚರ ಎಂದು ಬೇರ್ಪಡಿಸುವಾಗ ಕಾನೂನು ನೋಡುವುದು ವಸ್ತುವಿಗೆ ನೆಲದ ಜೊತೆ ಇರುವ ನಂಟನ್ನು. ಅದರ ತೂಕ, ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ ಭೂಮಿ, ಭೂಮಿಯಿಂದ ಹುಟ್ಟುವ ಲಾಭ, ಭೂಮಿಗೆ ಅಂಟಿಕೊಂಡ ವಸ್ತು, ಹಾಗೆ ಅಂಟಿಕೊಂಡದ್ದಕ್ಕೆ ಕಾಯಂ ಆಗಿ ಬಿಗಿದ ವಸ್ತು ಸ್ಥಿರಾಸ್ತಿ, ಉಳಿದದ್ದೆಲ್ಲ ಚರಾಸ್ತಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಕಡಿಯಲು ನಿಂತ ನಾಟಾ ಮರ, ಬೆಳೆದು ನಿಂತ ಪೈರು ಮತ್ತು ಹುಲ್ಲನ್ನು ಸ್ಥಿರಾಸ್ತಿಯಿಂದ ಹೊರಗಿಡುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ತಾಲ್ಲೂಕು ಕಚೇರಿಯ ಒಳಗೆ ಈ ನಿಯಮಕ್ಕೆ ತೊಡಕಿಲ್ಲ. ಕಟ್ಟಡ ಸ್ಥಿರ, ಬೀರು, ಜೀಪು, ಕಂಪ್ಯೂಟರ್ ಚರ. ತೊಡಕು ಶುರುವಾಗುವುದು ಕಾಂಪೌಂಡಿನ ಆಚೆ.

ಆಚೆ ಇರುವುದೇ ಹೆಚ್ಚು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ರಸ್ತೆ, ಓಣಿ, ಸೇತುವೆ, ನದಿ, ಹಳ್ಳ, ಕೆರೆ, ಕಾಲುವೆ, ನಿಂತ ನೀರು, ಹರಿಯುವ ನೀರು ಮತ್ತು ಬೇರೆಯವರ ಸ್ವತ್ತಲ್ಲದ ಎಲ್ಲ ಜಮೀನು ರಾಜ್ಯ ಸರ್ಕಾರದ್ದು. ಈ ಎರಡು ತಾಲ್ಲೂಕುಗಳ ಮಟ್ಟಿಗೆ ಈ ಪಟ್ಟಿಯಲ್ಲಿ ದೊಡ್ಡ ಪಾಲು ಕೆರೆ, ಗೋಮಾಳ ಮತ್ತು ಕಾನುಗಳದ್ದು.

ಸೊರಬದ ಕಾನುಗಳು ವಿಂಗಡಣೆಯ ಕಷ್ಟವನ್ನು ಚೆನ್ನಾಗಿ ತೋರಿಸುತ್ತವೆ. 1868ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಈ ತಾಲ್ಲೂಕಿನ ಕಾನುಗಳ ಬಗ್ಗೆಯೇ ಪ್ರತ್ಯೇಕ ವರದಿ ಬರೆದರು. ಕಾನೆಂದರೆ ನಾಟಾ ಕಾಡಲ್ಲ. ಊರಿನವರು ಮೆಣಸು ಕೊಯ್ಯುತ್ತಿದ್ದ, ಬೈನೆ ಇಳಿಸುತ್ತಿದ್ದ, ಅದಕ್ಕಾಗಿ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದ ನಿತ್ಯಹಸುರಿನ ನೆಲ. ಹಳೆ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನಬೆಟ್ಟಗಳಲ್ಲಿ ರೈತರಿಗಿದ್ದ ಸವಲತ್ತನ್ನು ಭೂಕಂದಾಯ ಕಾಯ್ದೆಯ 79ನೇ ಕಲಂ ಇಂದಿಗೂ ಉಳಿಸಿಕೊಂಡಿದೆ. ಹೀಗೆ ಒಂದೇ ಕಾನಿನಲ್ಲಿ ನೆಲ ಸರ್ಕಾರದ ಸ್ಥಿರಾಸ್ತಿ, ವರ್ಷ ವರ್ಷ ಸೊಪ್ಪು ತರುವ ಸವಲತ್ತು ನೆಲದಿಂದ ಹುಟ್ಟುವ ಲಾಭ, ಕೊಯ್ದು ಮೂಟೆ ಕಟ್ಟಿದ ಮೆಣಸು ಚರ.

ಮರದ ವಿಚಾರವನ್ನು ಸುಪ್ರೀಂ ಕೋರ್ಟ್ 1958ರಲ್ಲಿ ಶಾಂತಾಬಾಯಿ ಪ್ರಕರಣದಲ್ಲಿ ಬಿಡಿಸಿಟ್ಟಿತು. ಪತಿಯ ಜಮೀನ್ದಾರಿ ಕಾಡಿನಲ್ಲಿ ಹಲವು ವರ್ಷ ಮರ ಕಡಿದು ಒಯ್ಯುವ ಹಕ್ಕನ್ನು ನೋಂದಣಿಯಾಗದ ಪತ್ರದಲ್ಲಿ ಪಡೆದಿದ್ದ ಮಹಿಳೆ, ಆ ಕಾಡು ಸರ್ಕಾರಕ್ಕೆ ಸೇರಿದ ಮೇಲೆ ಹಕ್ಕು ಕಳೆದುಕೊಂಡರು. ಬೇಗನೆ ಕಡಿಯುವ ಉದ್ದೇಶದಿಂದ ನಿಲ್ಲಿಸಿಕೊಂಡ ಮರ ನಾಟಾ, ಆದ್ದರಿಂದ ಚರ. ನೆಲದ ಸಾರ ಹೀರುತ್ತ ಬೆಳೆಯಲು ಬಿಟ್ಟ ಮರ ಸ್ಥಿರ ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದರು. ಬಿದಿರು ಕಡಿಯುವ ಗುತ್ತಿಗೆಯೂ ನೆಲದ ಲಾಭವೇ ಎಂದು 1985ರಲ್ಲಿ ಟಿಟಾಘರ್ ಕಾಗದ ಕಾರ್ಖಾನೆಯ ಪ್ರಕರಣದಲ್ಲಿ ತೀರ್ಪಾಯಿತು. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗೆ ಶಿವಮೊಗ್ಗ ಜಿಲ್ಲೆಯ ಅರಣ್ಯಭೂಮಿಯನ್ನು 1980ರಲ್ಲಿ 40 ವರ್ಷಗಳಿಗೆ ಗುತ್ತಿಗೆ ಕೊಟ್ಟಾಗ ಎಲ್ಲರ ಕಣ್ಣಿದ್ದದ್ದು ಕಾಗದವಾಗುವ ಮರದ ಮೇಲೆ. ಅವಧಿ ಮುಗಿದ 2020ರಲ್ಲಿ ಮಲೆನಾಡಿನಲ್ಲಿ ಎದ್ದ ಹೋರಾಟ ಕೇಳಿದ್ದು ನೆಲವನ್ನು. ಲಾರಿ ಹತ್ತುವ ಅಕೇಶಿಯಾ ಚರ; ಅದನ್ನು ಬೆಳೆದ ಮಣ್ಣು, ಆ ಮಣ್ಣು ಹಿಡಿದಿಡುವ ನೀರು ಸರ್ಕಾರದ ಕಾಯಂ ಆಸ್ತಿ. ಗುತ್ತಿಗೆಯ ಕಡತದಲ್ಲಿ ಮೊದಲು ಬರೆಯಬೇಕಾದದ್ದು ಈ ಎರಡನೆಯದನ್ನು.

ಕೆರೆಯ ಲೆಕ್ಕ ಇನ್ನೂ ಸೂಕ್ಷ್ಮ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ತೋಡಿಸಿದ ಸಂಗತಿಯನ್ನು ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ರಚಿಸಿದ ಸ್ತಂಭಶಾಸನ ಹೇಳುತ್ತದೆ. ಹದಿನೈದು ಶತಮಾನಗಳಿಂದ ದಾಖಲೆಯಿರುವ ಇಂಥ ಸಾರ್ವಜನಿಕ ಆಸ್ತಿ ನಾಡಿನಲ್ಲಿ ಅಪರೂಪ. ಕೆರೆಯಂಗಳ, ಏರಿ, ತೂಬು, ಕೋಡಿ ಸ್ಥಿರಾಸ್ತಿ ಎಂಬುದರಲ್ಲಿ ಸಂಶಯವಿಲ್ಲ. ಅಂಗಳದಲ್ಲಿರುವವರೆಗೆ ಹೂಳೂ ನೆಲದ ಭಾಗ. ಟ್ರ್ಯಾಕ್ಟರ್ ಟ್ರೈಲರಿಗೆ ಬಿದ್ದ ಕ್ಷಣ ಚರ. ಮೀನು? ಒಡಿಶಾದ ಚಿಲಿಕಾ ಸರೋವರದಲ್ಲಿ ಮೀನು ಹಿಡಿಯುವ ಹಕ್ಕಿನ ಬಗ್ಗೆ 1955ರಲ್ಲಿ ಆನಂದ ಬೆಹೆರಾ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಮೀನುಗಾರರು ಮುಂದಿನ ವರ್ಷಗಳ ಹಕ್ಕಿಗೆ ಜಮೀನ್ದಾರನಿಗೆ ಹಣ ಕೊಟ್ಟಿದ್ದರು, ನೋಂದಾಯಿತ ಪತ್ರ ಮಾಡಿಸಿರಲಿಲ್ಲ. ಬೇರೆಯವರ ನೆಲಕ್ಕೆ ಇಳಿದು ಮೀನು ಹಿಡಿದು ಒಯ್ಯುವ ಹಕ್ಕು ನೆಲದಿಂದ ಹುಟ್ಟುವ ಲಾಭ, ಅಂದರೆ ಸ್ಥಿರಾಸ್ತಿ ಎಂದು ಕೋರ್ಟ್ ಹೇಳಿತು. ಅವರ ಕೈಗೆ ಏನೂ ಉಳಿಯಲಿಲ್ಲ. ಈ ತೀರ್ಪು ಕೆರೆಯ ಮೀನು ಹರಾಜು ಮಾಡುವ ಪ್ರತಿ ಗ್ರಾಮ ಪಂಚಾಯಿತಿಗೂ ಪಾಠ. ಬಲೆಯಲ್ಲಿ ಸಿಕ್ಕ ಮೀನಿನ ಮಾರಾಟಕ್ಕೆ ರಸೀದಿ ಸಾಕು. ಹಲವು ವರ್ಷಗಳ ಹಕ್ಕನ್ನು ಸಭೆಯ ನಡಾವಳಿ ಪುಸ್ತಕದ ಒಂದು ಠರಾವಿನ ಮೇಲಷ್ಟೇ ಕೊಟ್ಟರೆ ಪಂಚಾಯಿತಿಗೂ ಗುತ್ತಿಗೆದಾರನಿಗೂ ಮುಂದೆ ತಕರಾರು ಕಟ್ಟಿಟ್ಟದ್ದು.

ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೊರಬದ ಮೂಡಿ, ಶಿಕಾರಿಪುರದ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿಯಂಥ ಯೋಜನೆಗಳಲ್ಲಿ ಪಂಪ್‌ಹೌಸ್ ಸ್ಥಿರ. ಒಳಗಿನ ಮೋಟಾರು ಹೇಗೆ ಕೂತಿದೆ, ಯಾಕೆ ಕೂತಿದೆ ಎಂದು ನೋಡಬೇಕು. ರಸ್ತೆಗೆ ಡಾಂಬರು ಮಿಶ್ರಣ ಮಾಡುವ ಯಂತ್ರವನ್ನು ಅಲುಗದಿರಲೆಂದು ಅಡಿಪಾಯಕ್ಕೆ ಬೋಲ್ಟಿನಿಂದ ಬಿಗಿದ ಮಾತ್ರಕ್ಕೆ ಅದು ಸ್ಥಿರಾಸ್ತಿಯಾಗದು ಎಂದು 2010ರಲ್ಲಿ ತೀರ್ಪಾಗಿದೆ. ಮೊಬೈಲ್ ಟವರು ಆಸ್ತಿ ತೆರಿಗೆಯ ಮಟ್ಟಿಗೆ ಕಟ್ಟಡ ಎಂದು 2016ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ, ಇನ್ನೊಂದು ತೆರಿಗೆಯ ಮಟ್ಟಿಗೆ ಅದು ಚರ ಎಂದು 2024ರಲ್ಲಿ ಹೇಳಿತು. ಯಾವ ಕಾಯ್ದೆಯಡಿ ಪ್ರಶ್ನೆ ಎದ್ದಿದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಬಳ್ಳಿಗಾವಿ, ತಾಳಗುಂದ, ಕುಬಟೂರುಗಳಂಥ ಊರುಗಳಿರುವ ಈ ಸೀಮೆಗೆ ಇನ್ನೊಂದು ಬಗೆಯ ಸ್ವತ್ತಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಟ್ಟಡ, ಗುಹೆ, ಶಾಸನ, ಏಕಶಿಲೆಯನ್ನು ಸ್ಮಾರಕವೆಂದು ಕಾಣುತ್ತದೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿ, ಗಂಡಭೇರುಂಡ ಸ್ತಂಭ ಈ ಗುಂಪಿನವು. ಕಟ್ಟಡದಿಂದ ಕಳಚಿದ ಶಿಲ್ಪ ಪ್ರಾಚ್ಯವಸ್ತುವಾಗಿ 1972ರ ಪ್ರಾಚ್ಯವಸ್ತು ಕಾಯ್ದೆಯ ಕೈಗೆ ಬರುತ್ತದೆ. ಅಲ್ಲಿಂದ ಸಾಗಣೆ, ಮಾರಾಟ, ರಫ್ತಿನದ್ದೇ ಭಯ. ಶಿಲ್ಪ ತನ್ನ ಜಾಗದಲ್ಲಿದ್ದಾಗಲೇ ಫೋಟೊ, ಅಳತೆ, ಸರ್ವೆ ನಂಬರಿನ ಸಮೇತ ಬರೆದಿಡದಿದ್ದರೆ ಕಳಚಿದ ಮೇಲೆ ಅದು ಎಲ್ಲಿಯದೆಂದು ಸಾಧಿಸುವುದು ಬಹಳ ಕಷ್ಟ. ಹೊಲದ ಬದುವಿನಲ್ಲಿ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಈ ಕೆಲಸ ತುರ್ತಾಗಿ ಆಗಬೇಕು.

ವಿಂಗಡಣೆಯ ಫಲ ಮೊದಲು ಕಾಣುವುದು ದಾನದಲ್ಲಿ. ಊರಿನವರೊಬ್ಬರು ಶಾಲೆಗೆ ಬೆಂಚು ಕೊಟ್ಟರೆ, ಒಪ್ಪಿಸಿದಾಗಲೇ ಅದು ಶಾಲೆಯದು. ನಾಲ್ಕು ಗುಂಟೆ ಕೊಟ್ಟರೆ ನೋಂದಾಯಿತ ದಾನಪತ್ರ ಬೇಕೇ ಬೇಕು. ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳು ಹಿರಿಯರ ಬಾಯಿಮಾತಿನ ಮೇಲೆ ಕಟ್ಟಿದವು. ಆ ಉದಾರತೆಯನ್ನು ಮೊಮ್ಮಕ್ಕಳ ಕಾಲದ ವ್ಯಾಜ್ಯಕ್ಕೆ ಬಿಟ್ಟುಕೊಡುವುದು ದಾನಿಗೂ ಮಕ್ಕಳಿಗೂ ಮಾಡುವ ಅನ್ಯಾಯ.

ಎರಡನೆಯದು ಅಪರಾಧದಲ್ಲಿ. ಕಳ್ಳತನವಾಗುವುದು ಚರಾಸ್ತಿ ಮಾತ್ರ. ನೆಲಕ್ಕೆ ಅಂಟಿದ ಮರ ಕಳವಿನ ವಸ್ತುವಲ್ಲ. ಒಯ್ಯಲೆಂದು ಕಡಿದು ಬೇರ್ಪಡಿಸಿದ ಕೂಡಲೇ ಕಳವು. ಗೋಮಾಳ ಹೋದರೆ ಅದು ಒತ್ತುವರಿ. ನೂರು ಜಾನುವಾರಿಗೆ 30 ಎಕರೆಯಂತೆ ಮೀಸಲಿಡಬೇಕಾದ ಹುಲ್ಲುಗಾವಲು ಬೇಲಿಯೊಳಗೆ ಸೇರಿದರೆ ತಹಶೀಲ್ದಾರರ ನೋಟಿಸು, ಇಲ್ಲವೇ 2011ರ ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ನ್ಯಾಯಾಲಯ. ಕಚೇರಿಯ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಕುರ್ಚಿ, ಫ್ಯಾನುಗಳನ್ನು ವರ್ಷಕ್ಕೊಮ್ಮೆ ಎಣಿಸಿ ತಾಳೆ ನೋಡುವ ಪದ್ಧತಿ ಇದೆ. ಕೆರೆಯ ಗಡಿಕಲ್ಲುಗಳನ್ನು, ಗೋಮಾಳದ ಹದ್ದುಬಸ್ತನ್ನು ಅದೇ ಶಿಸ್ತಿನಿಂದ ಎಣಿಸಬೇಕು. ಗ್ರಾಮ ಆಡಳಿತಾಧಿಕಾರಿಗಳು ಸರ್ಕಾರಿ ಜಮೀನನ್ನು ಸ್ಥಳಕ್ಕೆ ಹೋಗಿ ನೋಡಿ ದಾಖಲಿಸಲು ಕಂದಾಯ ಇಲಾಖೆ ತಂದ ಲ್ಯಾಂಡ್ ಬೀಟ್ ಆ್ಯಪ್ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ಕಾಲಮಿತಿಯ ಲೆಕ್ಕವೂ ಆಸ್ತಿ ಯಾರ ಹೆಸರಲ್ಲಿದೆ, ಯಾವ ಬಗೆಯದು ಎಂಬುದನ್ನು ಹಿಡಿದು ಹೋಗುತ್ತದೆ. 1963ರ ಕಾಲಮಿತಿ ಕಾಯ್ದೆಯಡಿ ರಾಜ್ಯ ಸರ್ಕಾರಕ್ಕೆ ದಾವೆ ಹೂಡಲು 30 ವರ್ಷಗಳಿವೆ. ಗ್ರಾಮ ಪಂಚಾಯಿತಿಗೆ, ಪುರಸಭೆಗೆ ಆ 30 ವರ್ಷ ಸಿಗುವುದು ಸಾರ್ವಜನಿಕ ರಸ್ತೆಗಷ್ಟೇ. ಅವುಗಳ ಖಾಲಿ ನಿವೇಶನ, ಸಂತೆ ಮೈದಾನಗಳಿಗೆ ಖಾಸಗಿಯವರಂತೆ 12 ವರ್ಷ. ಬೇಲಿ ಎಂದು ಬಿತ್ತೆಂಬುದನ್ನು ಆಸ್ತಿ ವಹಿಯಲ್ಲಿ ಬರೆದಿಡದ ಪಂಚಾಯಿತಿಗೆ ಆ 12 ವರ್ಷ ಯಾವಾಗ ಶುರುವಾಯಿತೆಂದು ನ್ಯಾಯಾಲಯದಲ್ಲಿ ತೋರಿಸುವುದು ಕಷ್ಟ.